ಕೈದಾಳದ ಕಲ್ಲು, ಗೂಳೂರಿನ ಮಣ್ಣು

ಕೈದಾಳದ ಚೆನ್ನಕೇಶವನ ಗುಡಿಯಲ್ಲಿ ಬಿಸಿಲು ಹೊಸ್ತಿಲು ದಾಟುವುದಿಲ್ಲ. ಚಪ್ಪಲಿ ಕಳಚಿ ಒಳಗೆ ಕಾಲಿಟ್ಟರೆ ಹಾಸುಗಲ್ಲಿನ ತಂಪು ಅಂಗಾಲಿನಿಂದ ಮೇಲೇರುತ್ತದೆ. ಮೊದಲಿಗೆ ಏನೂ ಕಾಣಿಸದು. ಆಮೇಲೆ ಕಂಬಗಳು ಒಂದೊಂದಾಗಿ ಕತ್ತಲೆಯಿಂದ ಬಿಡಿಸಿಕೊಳ್ಳುತ್ತವೆ, ಗರ್ಭಗುಡಿಯ ಬಾಗಿಲು ಕಾಣುತ್ತದೆ, ಅದರಾಚೆ ಒಂದು ದೀಪ. ಅರ್ಚಕರು ಮಂಗಳಾರತಿ ಎತ್ತಿದಾಗ ಬೆಳಕು ಕೇಶವನ ಪಾದದಿಂದ ಹೊರಟು ನಡುಪಟ್ಟಿ, ಎದೆಹಾರ, ಕಿರೀಟ ಎಂದು ಮೆಲ್ಲಗೆ ಹತ್ತುತ್ತದೆ. ಕಲ್ಲಿನಲ್ಲಿ ಕಡೆದ ಹಾರದ ಮೇಲೆ ಇವತ್ತು ಬೆಳಿಗ್ಗೆ ಯಾರೋ ತಂದ ಸೇವಂತಿಗೆ ಹಾರ ಬಿದ್ದಿದೆ. ಅದು ಸಂಜೆಗೆ ಬಾಡುತ್ತದೆ. ಕೆಳಗಿನ ಹಾರ ಹೊಯ್ಸಳರ ಕಾಲದಿಂದ ಬಾಡಿಲ್ಲ.

1150ರ ಸುಮಾರಿಗೆ ಈ ಸೀಮೆಯ ಸಾಮಂತನಾಗಿದ್ದ ಬಾಚಿ ಕಟ್ಟಿಸಿದ ಗುಡಿಯಿದು. ಪಕ್ಕದಲ್ಲೇ ಗಂಗಾಧರೇಶ್ವರ. ಬಾಚಿ ಶಿವನಿಗೂ ಕಟ್ಟಿಸಿದ, ವಿಷ್ಣುವಿಗೂ ಕಟ್ಟಿಸಿದ, ಜಿನನಿಗೂ ಕಟ್ಟಿಸಿದ. ಆದರೆ ಈ ಊರಲ್ಲಿ ಬಾಚಿಯ ಹೆಸರು ಹೇಳಿದರೆ ತಲೆಯಾಡಿಸುವವರು ಕಡಿಮೆ. ಇಲ್ಲಿ ನಡೆಯುವುದೆಲ್ಲ ಶಿಲ್ಪಿ ಜಕಣಾಚಾರಿಯ ಹೆಸರು. ಬೇಲೂರಿನಲ್ಲಿ ಅವನು ಕಡೆದ ವಿಗ್ರಹದಲ್ಲಿ ಮಗ ಡಂಕಣ ತಪ್ಪು ಹಿಡಿದದ್ದು, ಕಲ್ಲಿನ ಹೊಕ್ಕುಳಲ್ಲಿ ಕಪ್ಪೆ ಸಿಕ್ಕಿದ್ದು, ಆಡಿದ ಮಾತಿಗೆ ಜಕಣ ತನ್ನ ಬಲಗೈಯನ್ನೇ ಕಡಿದುಕೊಂಡದ್ದು, ಕೊನೆಗೆ ಹುಟ್ಟೂರಿಗೆ ಬಂದು ಈ ಕೇಶವನನ್ನು ನಿಲ್ಲಿಸಿದಾಗ ಆ ಕೈ ಮರಳಿ ಬಂದದ್ದು. ಇದನ್ನು ಹೇಳಲು ಶಾಸನ ಬೇಡ. 1964ರಲ್ಲಿ ಬಿ.ಎಸ್. ರಂಗಾ ಅವರು ತೆಗೆದ 'ಅಮರಶಿಲ್ಪಿ ಜಕಣಾಚಾರಿ' ಕನ್ನಡದ ಮೊದಲ ಪೂರ್ಣಪ್ರಮಾಣದ ವರ್ಣಚಿತ್ರವಾದ ಮೇಲಂತೂ ಕಲ್ಯಾಣ್ ಕುಮಾರರ ಮುಖವೇ ಜಕಣನ ಮುಖವಾಗಿಬಿಟ್ಟಿತು.

ಜಕಣಾಚಾರಿ ಇದ್ದನೋ ಇಲ್ಲವೋ ಎಂದು ಇತಿಹಾಸಕಾರರು ಜಗಳವಾಡಲಿ. ಆ ಕಾಲದ ಶಿಲ್ಪಿಗಳೇನೂ ಸಂಕೋಚದವರಲ್ಲ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕಡೆದ ವಿಗ್ರಹದ ಪೀಠದಲ್ಲಿ ಹೆಸರು ಕೊರೆದಿದ್ದಾರೆ. ಮುಂದಿನ ಶತಮಾನದಲ್ಲಿ ಮಲ್ಲಿತಮ್ಮನೆಂಬವನು ಸೋಮನಾಥಪುರದಲ್ಲಿ ಎಷ್ಟು ಕಡೆ ಸಹಿ ಹಾಕಿದ್ದಾನೆಂದರೆ ಇಂದಿನ ಗ್ಯಾಲರಿಯ ಕಲಾವಿದರೂ ನಾಚಬೇಕು. ಈ ಸಹಿಯ ವಿಷಯವನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೊರಗೆ ಬಂದರೆ ಊರು ಖಾಲಿ. ಜಗುಲಿಗಳು ಖಾಲಿ, ಬೀಡಾ ಅಂಗಡಿಯ ಬಾಗಿಲು ಅರ್ಧ ಎಳೆದಿದೆ. ಅವರೆಕಾಯಿ ಬಿಡಿಸುತ್ತ ಕೂತ ಅಜ್ಜಿಯೊಬ್ಬಳೇ ಕಾವಲು. "ಇವತ್ತು ಯಾರೂ ಸಿಗಾಕಿಲ್ಲ ಕಣಪ್ಪ. ಎಲ್ಲಾ ಗೂಳೂರ್ಗೋಗವ್ರೆ, ಗಣಪ್ಪನ್ ಬಿಡೋಕೆ."

ಗೂಳೂರಿಗೆ ನಡೆದೇ ಹೋಗಬಹುದು. ಕಾರ್ತಿಕ ಕಳೆದ ಬಯಲು ಇದು: ರಾಗಿ ಕೊಯ್ದು ಅರಿ ಹಾಕಿದ್ದಾರೆ, ಕೆಲವು ಹೊಲಗಳಲ್ಲಿ ಗುಡ್ಡೆ ಎದ್ದಿದೆ. ಅಕ್ಕಡಿಯಲ್ಲಿ ಬಿತ್ತಿದ ಅವರೆ ಈಗ ತನ್ನ ಸರದಿ ಬಂತೆಂದು ಹೂವು ಕಾಯಿ ಒಟ್ಟಿಗೇ ಹೊತ್ತು ನಿಂತಿದೆ, ಸೊಗಡಿನ ವಾಸನೆ ದಾರಿಯುದ್ದಕ್ಕೂ. ತೆಂಗು, ಅಡಿಕೆ, ನಡುನಡುವೆ ಒಂದು ಹುಣಸೆ. ಕೆಮ್ಮಣ್ಣಿನ ಗಾಡಿದಾರಿ ಇದ್ದಕ್ಕಿದ್ದಂತೆ ಕಪ್ಪಾಗತೊಡಗಿದರೆ ಕೆರೆ ಹತ್ತಿರ ಬಂತೆಂದು ತಿಳಿಯಬೇಕು.

ಏರಿಯ ಮೇಲೆ ನಿಂತು ನೋಡಿ. ಕೆಳಗೆ ಗೂಳೂರು ಕೆರೆ. ಹೆಬ್ಬೂರು-ಗೂಳೂರು ಏತ ನೀರಾವರಿ ಯೋಜನೆಯಿಂದ ಈ ಭಾಗದ ಕೆರೆಗಳಿಗೆ ಹೇಮಾವತಿ ನೀರು ಹರಿಸುವುದು ಶುರುವಾದ ಮೇಲೆ ಕೆರೆಗಳ ಲೆಕ್ಕಾಚಾರವೇ ಬದಲಾಗಿದೆ. ಮಳೆ ಕೈಕೊಟ್ಟರೂ ಹೊಳೆ ಬರಬಹುದೆಂಬ ಆಸೆಯಿದೆ, ಜೊತೆಗೆ ಯಾವ ಕೆರೆಗೆ ಮೊದಲು ಎಂಬ ಜಗಳವೂ. ಅಂಚಿನಲ್ಲಿ ನೀರು ಹಿಂದೆ ಸರಿದ ಕಡೆ ಹೂಳು ಒಣಗಿ ಬಿರುಕು ಬಿಟ್ಟಿದೆ. ಒಂದು ಹೆಂಟೆ ಕೈಗೆ ತೆಗೆದುಕೊಳ್ಳಿ. ಭಾರ ಅನ್ನಿಸುವುದಿಲ್ಲ. ಮೇಲ್ಮೈ ನುಣುಪು, ಉಗುರಿನಿಂದ ಗೀಚಿದರೆ ಬೂದುಬಣ್ಣದ ಹೊಳಪು ಗೆರೆ ಬೀಳುತ್ತದೆ. ಇದನ್ನು ನೀರಿಗೆ ಹಾಕಿ, ಅವಸರ ಮಾಡದೆ ನೋಡಬೇಕು. ಮೊದಲು ಸಣ್ಣಗೆ ಸುಯ್ ಎನ್ನುತ್ತದೆ. ಗುಳ್ಳೆಗಳ ಸಾಲು ಮೇಲೇಳುತ್ತದೆ. ಒಣಗಿದ ಮಣ್ಣಿನ ಸಂದಿಸಂದಿಗೂ ನೀರು ನುಗ್ಗಿ ಒಳಗಿನ ಗಾಳಿಯನ್ನು ಮೂಲೆಗೊತ್ತುತ್ತದೆ. ಆ ಗಾಳಿ ದಾರಿ ಹುಡುಕಿ ಸಿಡಿದಲ್ಲೆಲ್ಲ ಒಂದೊಂದು ಪದರ ಕಳಚಿ ಬೀಳುತ್ತದೆ. ಕೆಲವೇ ನಿಮಿಷದಲ್ಲಿ ಹೆಂಟೆ ಹೋಗಿ ತಳದಲ್ಲಿ ಮೆತ್ತನೆಯ ಗುಪ್ಪೆ. ವಿಚಿತ್ರವೆಂದರೆ ಹಸಿ ಮಣ್ಣು ಇಷ್ಟು ಬೇಗ ಕರಗುವುದಿಲ್ಲ. ಚೆನ್ನಾಗಿ ಒಣಗಿದ್ದೇ ಬೇಗ ಕರಗುತ್ತದೆ.

ಇದೇ ಮಣ್ಣನ್ನು ಕುಂಬಾರರು ಆವಿಗೆಗೆ ಹಾಕಿದರೆ ಕತೆ ಬೇರೆ. ಸುಮಾರು 600 ಡಿಗ್ರಿ ಶಾಖ ದಾಟಿದರೆ ಜೇಡಿಯ ಕಣದೊಳಗೆ ಬೆಸೆದುಕೊಂಡಿರುವ ನೀರೂ ಹಾರಿಹೋಗುತ್ತದೆ, ಆಮೇಲೆ ಅದು ಮತ್ತೆ ಮಣ್ಣಾಗುವುದಿಲ್ಲ. ಒಡೆದರೆ ಬೋಕಿಯಾಗುತ್ತದೆ ಅಷ್ಟೆ, ಸಾವಿರ ವರ್ಷದ ಮೇಲೆ ಯಾರೋ ಅಗೆದು ತೆಗೆದು ಗಾಜಿನ ಪೆಟ್ಟಿಗೆಯಲ್ಲಿಡಬಹುದು. ಅಂದರೆ ಗೂಳೂರಿನವರು ಈ ಕೆರೆಮಣ್ಣಿನಲ್ಲೇ ಮಾಡುವ ಗಣಪನನ್ನು ಉಳಿಸಿಕೊಳ್ಳಬೇಕೆಂದರೆ ಸುಟ್ಟರೆ ಸಾಕು. ಮಡಕೆ ಸುಡುವುದು ಗೊತ್ತಿಲ್ಲದ ಊರು ನಮ್ಮ ಸೀಮೆಯಲ್ಲಿ ಯಾವುದಿದೆ? ಗೊತ್ತಿದ್ದೂ ಸುಡಲಿಲ್ಲ.

ಏರಿ ಇಳಿದು ಊರೊಳಗೆ ಬಂದರೆ ಕುಣಿಗಲ್ ರಸ್ತೆಯ ಮೇಲೆ ಕಾಲಿಡಲು ಜಾಗವಿಲ್ಲ. ತುಮಕೂರು ಇಲ್ಲಿಂದ ಐದಾರು ಕಿಲೋಮೀಟರು, ಅರ್ಧ ತುಮಕೂರು ಇಲ್ಲೇ ಇದೆ. ಕಡ್ಲೆಪುರಿ, ಬೆಂಡು ಬತ್ತಾಸಿನ ಸಾಲು, ಬಳೆ ಅಂಗಡಿ, ಮಿರ್ಚಿ ಬೋಂಡಾದ ಎಣ್ಣೆಹೊಗೆ. ರಸ್ತೆಯ ಎರಡೂ ಬದಿ ಫ್ಲೆಕ್ಸ್‌ಗಳು: ಭಕ್ತಾದಿಗಳಿಗೆ ಸುಸ್ವಾಗತ ಕೋರುವ ಮುಖಂಡರು, ಅವರ ಕೆಳಗೆ ಅವರ ಅಭಿಮಾನಿಗಳು, ಅದರ ಕೆಳಗೆ ಅಭಿಮಾನಿಗಳ ಗೆಳೆಯರು, ಮೂಲೆಯಲ್ಲಿ ಅಂಗೈಯಗಲ ಗಣಪ. ಕರಗದ ವಸ್ತು ಇಡೀ ಜಾತ್ರೆಯಲ್ಲಿ ಇದೊಂದೇ ಇರಬೇಕು.

ಗುಡಿಯ ಮುಂದೆ ನೂಕುನುಗ್ಗಲು. ಹಿಂದಿನವರು ತಳ್ಳಿದ ಹಾಗೆ ಮುಂದೆ ಹೋಗುವುದೇ ದಾರಿ. ತೆಂಗಿನಕಾಯಿ ನೀರು, ಕರ್ಪೂರ, ಬೆವರು, ಗರಿಕೆ. ಎದುರಿಗಿದ್ದ ಭುಜ ಸರಿದಾಗ ಮೊದಲು ಕಾಣುವುದು ಒಂದು ಮಂಡಿ. ಮುಖ ಹುಡುಕಲು ಕತ್ತೆತ್ತಬೇಕು, ಇನ್ನೂ ಎತ್ತಬೇಕು. ಸುಮಾರು 12 ಅಡಿ ಎತ್ತರ, ಅಗಲವೂ ಹೆಚ್ಚು ಕಡಿಮೆ ಅದಕ್ಕೆ ತಕ್ಕ ಹಾಗೆ. ಹತ್ತಿರ ನಿಂತವರಿಗೆ ಹೊಟ್ಟೆಯೇ ಆಕಾಶ. ಹಿಂದೆ ಹೋದರೆ ಮುಖ ಕಾಣುತ್ತದೆ, ಆದರೆ ಹಿಂದೆ ಹೋಗಲು ಬಿಡುವವರಾರು? ಕಣ್ಣಳತೆಯಲ್ಲಿ ಸಿಗುವುದು ಒಂದು ತೋಳಿನ ಬಾಗು, ಬೆರಳ ಸಂದಿ, ಬಣ್ಣದ ಕೆಳಗೆ ಕೈಯಿಂದ ಸವರಿದ ಗುರುತು. ನನಗೆ ಇಡೀ ಮೂರ್ತಿಗಿಂತ ಈ ಸವರಿದ ಗುರುತು ಇಷ್ಟ. ಬಣ್ಣ ಸ್ವಲ್ಪ ಜೋರಾಯಿತು ಎಂಬುದು ನನ್ನ ತಕರಾರು. ಬರೀ ಕೆರೆಮಣ್ಣಿನ ಮೈಬಣ್ಣದಲ್ಲೇ ಕೂತಿದ್ದರೆ ಎಷ್ಟು ಗಂಭೀರವಾಗಿರುತ್ತಿತ್ತು ಎಂದು ಪಕ್ಕದವರಿಗೆ ಹೇಳಿ ನೋಡಿ, ಅವರು ನಿಮ್ಮನ್ನು ಅನುಕಂಪದಿಂದ ನೋಡುತ್ತಾರೆ. ಬಣ್ಣವಿಲ್ಲದ ದೇವರು ಯಾರಿಗೆ ಬೇಕು?

ನಾಡಿನ ಉಳಿದ ಊರುಗಳೆಲ್ಲ ಭಾದ್ರಪದ ಚೌತಿಗೆ ಗಣೇಶನನ್ನು ತಂದು ಕೂರಿಸುತ್ತವೆ. ಗೂಳೂರಿನಲ್ಲಿ ಆವತ್ತು ಕೆಲಸ ಶುರು. ಕೆರೆಯಿಂದ ಮಣ್ಣು ತಂದು ಪೂಜೆ ಮಾಡಿ ಮೊದಲ ಮುದ್ದೆ ಇಡುತ್ತಾರೆ. ಮುಗಿಯುವುದು ದೀಪಾವಳಿಯ ಬಲಿಪಾಡ್ಯಮಿಗೆ. ಕಾಶಿಗೆ ಹೊರಟಿದ್ದ ಭೃಗು ಮಹರ್ಷಿ ಈ ಊರಲ್ಲಿ ತಂಗಿದ್ದಾಗ ಚೌತಿ ಬಂತು, ಕೆರೆಯ ಮಣ್ಣಿನಿಂದಲೇ ಗಣಪನನ್ನು ಮಾಡಲು ತೊಡಗಿದರು ಎಂದು ಸ್ಥಳಪುರಾಣ. ಪುರಾಣ ಹಾಗಿರಲಿ, ಪಂಚಾಂಗ ಹಿಡಿದು ಎಣಿಸಿದರೆ ಚೌತಿಯಿಂದ ಪಾಡ್ಯಕ್ಕೆ 56-57 ದಿನ. ಅಷ್ಟು ದಿನ ಯಾಕೆ ಬೇಕೆಂದು ಮಣ್ಣನ್ನು ಕೇಳಬೇಕು. ಈ ಗಾತ್ರದ ಮಣ್ಣು ಒಂದೇ ಸಲಕ್ಕೆ ನಿಲ್ಲುವುದಿಲ್ಲ. ಕೆಳಗಿನ ವರಸೆ ಗಟ್ಟಿಯಾಗದೆ ಮೇಲೆ ಹೊರಿಸಿದರೆ ಸೊಂಟ ಕುಸಿಯುತ್ತದೆ. ತೀರ ಒಣಗಿಬಿಟ್ಟರೆ ಹೊಸ ಮಣ್ಣು ಅದಕ್ಕೆ ಅಂಟುವುದಿಲ್ಲ. ಹೊರಮೈ ಬೇಗ ಒಣಗಿ ಕುಗ್ಗಿದರೆ ಒಳಗಿನ ಹಸಿ ಕುಗ್ಗದೆ ಬಿರುಕು ಬಿಡುತ್ತದೆ. ಅಷ್ಟರ ಮೇಲೆ ಇದು ಉತ್ತರೆ, ಹಸ್ತೆ, ಚಿತ್ತೆ, ಸ್ವಾತಿ ಮಳೆಗಳ ಕಾಲ. ಒಂದು ವಾರ ಮೋಡ ಕಟ್ಟಿದರೆ ಮಣ್ಣು ಬೆವರುತ್ತ ಕೂತಿರುತ್ತದೆ, ಇನ್ನೊಂದು ವಾರ ಒಣಗಾಳಿ ಬೀಸಿದರೆ ಒಂದೇ ರಾತ್ರಿಗೆ ಬಿರುಕು. ಬಿರುಕು ತುಂಬುವುದು, ಒದ್ದೆ ಕೈಯಲ್ಲಿ ಸವರುವುದು, ಕಾಯುವುದು. ಮಣ್ಣಿನ ಕೆಲಸದಲ್ಲಿ ಅರ್ಧಪಾಲು ಕಾಯುವುದೇ.

ಪಾಡ್ಯದ ದಿನ ಕಣ್ಣಿಗೆ ದೃಷ್ಟಿ ಇಡುತ್ತಾರೆ. ಆವರೆಗೂ ಅದು ಕೆಲಸ, ಆಮೇಲೆ ದೇವರು. ಮೊನ್ನೆಯ ತನಕ ಹೊಟ್ಟೆಯ ಮೇಲೆ ಕಾಲೂರಿ ಸೊಂಡಿಲು ತಿದ್ದುತ್ತಿದ್ದವರೇ ಈಗ ಕೆಳಗಿಳಿದು ಕೈಮುಗಿಯುತ್ತಾರೆ. ಅಲ್ಲಿಂದ ಕಾರ್ತಿಕ ಪೂರ್ತಿ ಪೂಜೆ, ಕಾರ್ತಿಕ ಕಳೆದ ಮೇಲೆ ಕೆರೆಗೆ. ಲೆಕ್ಕ ಹಾಕಿ: ಎರಡು ತಿಂಗಳು ಮಾಡುವುದು, ಒಂದು ತಿಂಗಳು ನೋಡುವುದು, ಉಳಿದ ಒಂಬತ್ತು ತಿಂಗಳು ಆ ಎತ್ತರದ ಜಾಗ ಖಾಲಿ.

ಈ ಲೆಕ್ಕವನ್ನು ಯಾವುದಾದರೂ ಮ್ಯೂಸಿಯಂನವರ ಮುಂದೆ ಇಟ್ಟರೆ ಗಾಬರಿಯಾದಾರು. ಈಚಿನ ದಶಕಗಳಲ್ಲಿ ಕಲಾ ಮ್ಯೂಸಿಯಂ ಕಟ್ಟುವವರಿಗೆ ಒಂದು ಹೊಸ ಹಂಬಲ ಹತ್ತಿದೆ. ಕಟ್ಟಡ ಎದ್ದು ಕಾಣಬಾರದು, ಸುತ್ತಲಿನ ಹಳ್ಳಿ, ಗುಡ್ಡ, ಗದ್ದೆಯೊಳಗೆ ಸೇರಿಹೋಗಬೇಕು. ಜಪಾನಿನ ನಾವೊಶಿಮಾ ದ್ವೀಪದಲ್ಲಿ ವಾಸ್ತುಶಿಲ್ಪಿ ತಡಾವೊ ಆಂಡೊ ವಿನ್ಯಾಸದ ಚಿಚು ಮ್ಯೂಸಿಯಂ 2004ರಲ್ಲಿ ತೆರೆಯಿತು. ಹಿಂದೆ ಉಪ್ಪಿನ ಮಡಿಗಳಿದ್ದ ಗುಡ್ಡದೊಳಗೆ ಇಡೀ ಮ್ಯೂಸಿಯಂ ಹೂತಿದೆ. ಚಿತ್ರಕಾರ ಮೋನೆಯ ನೈದಿಲೆ ಚಿತ್ರಗಳನ್ನು ಅಲ್ಲಿ ಹಗಲಿನ ಬೆಳಕಿನಲ್ಲೇ ನೋಡಬೇಕು, ಮೋಡ ಬಂದರೆ ಚಿತ್ರವೂ ಮಂಕಾಗುತ್ತದೆ. ನಮ್ಮಲ್ಲೇ ಕುಪ್ಪಳಿಯ ಕವಿಶೈಲವನ್ನು ನೋಡಿ. ಕಲಾವಿದ ಕೆ.ಟಿ. ಶಿವಪ್ರಸಾದ್ ಅಲ್ಲಿ ಬೃಹತ್ ಶಿಲಾಯುಗದವರ ಹಾಗೆ ಕಲ್ಲುಗಳನ್ನು ನಿಲ್ಲಿಸಿದ್ದಾರೆ. ಮಲೆನಾಡಿನ ಮಂಜಿನಲ್ಲಿ ಮನುಷ್ಯ ನಿಲ್ಲಿಸಿದ್ದು ಯಾವುದು, ಗುಡ್ಡ ತಾನೇ ಎತ್ತಿದ್ದು ಯಾವುದು ಎಂದು ಒಂದು ಕ್ಷಣ ತಿಳಿಯದು. ಎರಡೂ ದೊಡ್ಡ ಕೆಲಸಗಳೇ.

ಆದರೆ ಎಷ್ಟೇ ಹೂತರೂ ಚಿಚುವಿನ ಒಳಗಿರುವ ಮೋನೆ ಕದಲುವ ಹಾಗಿಲ್ಲ. ಮ್ಯೂಸಿಯಂ ಎಂದರೆ ಕೊನೆಗೂ ತೇವದ ವಿರುದ್ಧದ ಹೋರಾಟ. ದೊಡ್ಡ ಮ್ಯೂಸಿಯಂಗಳ ಉಗ್ರಾಣಕ್ಕೆ ಹೋದರೆ ಗಾಳಿಯ ತೇವ ಶೇಕಡಾ 50ರ ಆಸುಪಾಸಿನಲ್ಲಿ ಅಲ್ಲಾಡದೆ ನಿಂತಿರಬೇಕೆಂದು ಹಗಲೂ ರಾತ್ರಿ ಯಂತ್ರ ಓಡುತ್ತಿರುತ್ತದೆ. ಗೂಳೂರಿನವರು ಈ ಹೋರಾಟಕ್ಕೇ ಇಳಿದಿಲ್ಲ. ಭೂಮಿಯೊಳಗೆ ಸೇರಿಹೋಗಬೇಕಾದದ್ದು ಕಟ್ಟಡವಲ್ಲ, ಕೃತಿಯೇ ಎಂದು ನಿರ್ಧರಿಸಿ ಕೂತಿದ್ದಾರೆ. ಅದೇ ಜಪಾನಿನಲ್ಲಿ ಇಸೆ ಎಂಬ ಮಂದಿರವನ್ನು 20 ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟುತ್ತಾರೆ, ಹಿಂದಿನ ಸಲ ಕಟ್ಟಿದ್ದು 2013ರಲ್ಲಿ. ಕಟ್ಟುವ ಕೈ ಮರೆಯದಿರಲಿ ಎಂಬುದೂ ಅದರ ಹಿಂದಿದೆ. ಇಸೆಯವರಿಗೆ 20 ವರ್ಷ ಬೇಕು, ಗೂಳೂರಿಗೆ ಒಂದು ವರ್ಷವೇ ಹೆಚ್ಚು.

ಇಲ್ಲಿ ಉಳಿಯುವುದು ಪಾಲು. ಹದಿನೆಂಟು ಕೋಮಿನವರು ಸೇರಿ ಮಾಡುವ ಗಣಪ ಇದು ಎಂಬ ಮಾತನ್ನು ಗೂಳೂರಿನಲ್ಲಿ ಎಲ್ಲರ ಬಾಯಲ್ಲೂ ಕೇಳಬಹುದು. ಬೇರೆ ಊರಿನಲ್ಲಿ ಇಂಥ ಮಾತನ್ನು ಭಾಷಣಕ್ಕೆ ಬಳಸುತ್ತಾರೆ. ಇಲ್ಲಿ ಹಕ್ಕಿನ ದನಿಯಲ್ಲಿ ಹೇಳುತ್ತಾರೆ. ಮೂರ್ತಿ ವರ್ಷವರ್ಷವೂ ಇಲ್ಲವಾಗುವುದರಿಂದಲೇ ಈ ಹಕ್ಕು ವರ್ಷವರ್ಷವೂ ಹೊಸದಾಗುತ್ತದೆ. ಒಮ್ಮೆ ಕಲ್ಲಿನಲ್ಲಿ ನಿಲ್ಲಿಸಿಬಿಟ್ಟಿದ್ದರೆ ಉಳಿದವರಿಗೆ ಸಾಲಲ್ಲಿ ನಿಲ್ಲುವ ಕೆಲಸವಷ್ಟೇ ಇರುತ್ತಿತ್ತು. ಕೈದಾಳದಲ್ಲಿ ಆದದ್ದು ಅದೇ ಅಲ್ಲವೆ? ಇನ್ನು ಆ ಸಹಿಯ ವಿಷಯ. ಈ ಗಣಪನ ಮೈಯಲ್ಲಿ ಎಲ್ಲಿ ಹುಡುಕಿದರೂ ಹೆಸರಿಲ್ಲ. ಹಾಕಿದ್ದರೂ ಯಾವ ಪ್ರಯೋಜನ, ಇವತ್ತು ಕೆರೆಗೆ ಹೋಗುವ ಮೈ.

ಕತ್ತಲಾಯಿತು. ಗಣಪ ಗುಡಿಯಿಂದ ಹೊರಬಿದ್ದಿದ್ದಾನೆ. ಹೂವಿನ ಮಂಟಪದಲ್ಲಿ ಕೂತು ಬೀದಿಗಿಳಿದ ಮೇಲೆ ಅವನ ನಿಜವಾದ ಗಾತ್ರ ತಿಳಿಯುತ್ತದೆ. ಗುಡಿಯೊಳಗೆ ಗೋಡೆಗಳಿದ್ದವು, ಇಲ್ಲಿ ಹೆಂಚಿನ ಸೂರು, ಕರೆಂಟಿನ ತಂತಿ, ಮಾಳಿಗೆಯ ಮೇಲಿನ ಮಕ್ಕಳು, ಎಲ್ಲದರ ಮಟ್ಟಕ್ಕೂ ಅವನ ತಲೆ. ಮುಂದೆ ವೀರಗಾಸೆಯವರು, ನಂದಿಧ್ವಜ, ತಮಟೆ, ಡೊಳ್ಳು. ಡೊಳ್ಳಿನ ಏಟು ಕಿವಿಗಿಂತ ಮೊದಲು ಎದೆಗೆ ಬೀಳುತ್ತದೆ. ಮನೆಮನೆಯ ಮುಂದೆ ಆರತಿ, ಹಣ್ಣುಕಾಯಿ. ಮೆರವಣಿಗೆ ಹತ್ತು ಹೆಜ್ಜೆ ನಡೆದರೆ ಇಪ್ಪತ್ತು ನಿಮಿಷ ನಿಲ್ಲುತ್ತದೆ. "ಹಿಂದಕ್ಕೋಗ್ರಪ್ಪೋ, ಹಗ್ಗ ಬಿಡ್ರಪ್ಪೋ" ಎಂದು ಕೂಗುವವರ ದನಿ ಆಗಲೇ ಒಡೆದಿದೆ. ಮಂಟಪ ತಿರುವಿನಲ್ಲಿ ಓಲಾಡಿದಾಗ ಇಡೀ ಬೀದಿ ಉಸಿರು ಹಿಡಿಯುತ್ತದೆ. ಎರಡು ತಿಂಗಳು ಬಿರುಕು ತುಂಬಿದವರ ಕಣ್ಣು ಆಗ ದೇವರ ಮುಖದ ಮೇಲಿರುವುದಿಲ್ಲ, ಕುತ್ತಿಗೆಯ ಮೇಲೆ, ಸೊಂಡಿಲು ಸೇರುವ ಕಡೆ ಇರುತ್ತದೆ.

ಮದ್ದು ಶುರುವಾಗುತ್ತದೆ. ಗೂಳೂರಿನ ಮದ್ದು ನೋಡಲೆಂದೇ ಬರುವವರಿದ್ದಾರೆ. ಮೇಲೆ ಬಿರಿದ ಬೆಳಕು ಕೆಳಗೆ ಕೆರೆಯಲ್ಲಿ ಇನ್ನೊಮ್ಮೆ ಬಿರಿಯುತ್ತದೆ, ಶಬ್ದ ಏರಿಗೆ ಬಡಿದು ತಡವಾಗಿ ವಾಪಸು ಬರುತ್ತದೆ. ತೋಟದ ಹಕ್ಕಿಗಳೆಲ್ಲ ಎದ್ದು ದಿಕ್ಕುಗೆಟ್ಟಿವೆ. ಹೊಗೆ ಇಳಿದಾಗ ಮೂಗಿಗೆ ಗಂಧಕ, ನಾಲಿಗೆಗೂ ಗಂಧಕ. ಇದು ಬೇಕಿತ್ತೆ ಎಂದು ಕೇಳುವವರೂ ಗುಂಪಿನಲ್ಲಿದ್ದಾರೆ, ಮೊಬೈಲು ಎತ್ತಿ ಹಿಡಿದುಕೊಂಡೇ ಕೇಳುತ್ತಾರೆ.

ಕೊನೆಗೆ ನೀರು. ಪೂಜೆಯಾಗಿ ಅವನನ್ನು ಇಳಿಸುವಾಗ ನೂರು ಜನ ನೂರು ಸಲಹೆ ಕೊಡುತ್ತಾರೆ. ಎಡಕ್ಕೆ, ಬಲಕ್ಕೆ, ಹಿಡ್ಕಳ್ರೋ, ಬಿಡ್ರೋ. ಮಂಡಿ ಮುಳುಗುತ್ತದೆ, ಹೊಟ್ಟೆಯ ಸುತ್ತ ನೀರು ಸುತ್ತುತ್ತದೆ, ಆಮೇಲೆ ಆ ಗುಳ್ಳೆಗಳು. ಬೆಳಿಗ್ಗೆ ಒಂದು ಹೆಂಟೆಯಿಂದ ಎದ್ದವು ಈಗ ಕೆರೆಯ ಆ ಭಾಗವನ್ನೇ ಕುದಿಸುತ್ತಿವೆ. 56 ದಿನ ಒಣಗಿಸಿ, ಒಂದು ತಿಂಗಳು ದೀಪದ ಶಾಖದಲ್ಲಿ ಇನ್ನೂ ಒಣಗಿಸಿದ್ದರ ಗುಣ ಇದು. ಬಣ್ಣ ಮೊದಲು ಸುಲಿಯುತ್ತದೆ, ಅದರ ಹಿಂದೆಯೇ ಬೂದು ಮಣ್ಣು ಇಣುಕುತ್ತದೆ. ಅದು ಕಂಡಾಗ ಬಣ್ಣದ ಬಗ್ಗೆ ನನ್ನ ತಕರಾರು ಸ್ವಲ್ಪ ಇಳಿಯಿತು. ಏನಿದ್ದರೂ ಕೊನೆಯಲ್ಲಿ ನನಗೆ ಬೇಕಾದ ಗಣಪನೂ ಒಂದು ಗಳಿಗೆ ಸಿಕ್ಕಿದ. ಜೈಕಾರದ ನಡುವೆ ಯಾರೋ ಅಳುತ್ತಿದ್ದಾರೆ, ಯಾರೋ ಚಪ್ಪಲಿ ಹುಡುಕುತ್ತಿದ್ದಾರೆ.

ಕುಣಿಗಲ್ ರಸ್ತೆಯಲ್ಲಿ ವಾಹನ ಅಲ್ಲಾಡುತ್ತಿಲ್ಲ. ಬಸ್ಸಿನ ಮೆಟ್ಟಿಲ ಮೇಲೆ ನಿಂತ ಕಂಡಕ್ಟರು "ತುಮಕೂರ್ ತುಮಕೂರ್, ಒಳಗ್ ನಡೀರಿ, ಜಾಗ ಐತೆ" ಎಂದು ಇಲ್ಲದ ಜಾಗವನ್ನು ಮಾರುತ್ತಿದ್ದಾನೆ. ಹಿಂದಿನ ಸೀಟಿನಲ್ಲಿ ಇಬ್ಬರಿಗೆ ವಾದ ಹತ್ತಿದೆ. ಈ ಸಲದ ಗಣಪನಿಗಿಂತ ಹೋದ ವರ್ಷದ್ದು ಚೆಂದಿತ್ತು ಎಂದು ಒಬ್ಬ. ಇಲ್ಲ, ಹೋದ ವರ್ಷದ್ದಕ್ಕೆ ಕಿವಿ ಸಣ್ಣ, ಈ ಸಲದ್ದೇ ಸರಿಯಾಗಿ ಕೂತಿತ್ತು ಎಂದು ಇನ್ನೊಬ್ಬ. ತೀರ್ಮಾನ ಮಾಡೋಣವೆಂದರೆ ಎರಡೂ ಕೆರೆಯಲ್ಲಿವೆ. ಮೊದಲಿನವನು ಮೊಬೈಲು ತೆಗೆದು ಹೋದ ವರ್ಷದ ಫೋಟೋ ಹುಡುಕಿ ಮುಖಕ್ಕೆ ಹಿಡಿಯುತ್ತಾನೆ. ಎರಡನೆಯವನು ಅದನ್ನು ಬೆರಳಲ್ಲಿ ಹಿಗ್ಗಿಸಿ, ತಿರುಗಿಸಿ, ವಾಪಸು ಕೊಡುತ್ತಾನೆ. "ಫೋಟೋದಾಗೆ ಅದೆಲ್ಲ ಗೊತ್ತಾಗಾಕಿಲ್ಲ ಕಣ್ಲಾ. ನೀನು ಆವತ್ತು ಎಲ್ಲಿ ನಿಂತಿದ್ದೆ, ಅದೇಳು."